ತುದಿ ಮುರಿದ ಚಾಕು

ಕೊಡೆಯೊಂದು ಪರದೆಯ ಮೇಲೆ ತೇಲಿ ಬಂತು, ಮಡಚುವ ಕೊಡೆ, ನಡುವೆ ನೀಲಿ ಕಡ್ಡಿ, ಸುತ್ತ ಬಟ್ಟೆಬರೆಯ ಕಿತ್ತಳೆ ಬಣ್ಣ, ಹೋಗಲಿ, ಮುಂದಿನದು — ತಮ್ಮನ ಬ್ಯಾಗಿನಲ್ಲೂ ಕೊಡೆ ಇತ್ತಲ್ಲ, ಇಂಥದ್ದೇ, ಅದರ ಕಡ್ಡಿಯೂ ನೀಲಿ, ಲೋಹವೆಂದರೆ ಬ್ಯಾಗು ನೋಡುವ ಈ ಎಕ್ಸ್‌ರೇ ಯಂತ್ರಕ್ಕೆ ನೀಲಿಯೇ, ಆದರೆ ಅಲ್ಲಿ ನೀಲಿ ಗೆರೆ ಒಂದಿತ್ತೋ ಎರಡಿತ್ತೋ, ಒಂದೇ, ಕೊಡೆಗೆ ಎರಡು ಕಡ್ಡಿ ಎಲ್ಲಿಂದ ಬರಬೇಕು, ತಲೆ ಕೆಟ್ಟಿದೆ ಇವಳಿಗೆ. ಲ್ಯಾಪ್‌ಟಾಪು, ಚಾರ್ಜರು, ಮಗುವಿನ ಹಾಲಿನ ಬಾಟಲಿ, ಹೋಗಲಿ. ಈಗಷ್ಟೇ ಹೋದ ತಮ್ಮ. ಬೆಲ್ಟಿನ ಆಚೆ ತುದಿಯಲ್ಲಿ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದ, ಮೈಕಿನಲ್ಲಿ ಅವನ ವಿಮಾನಕ್ಕೆ ಕೊನೆಯ ಕರೆ ಅಂತ ಕೂಗುತ್ತಿದ್ದರೂ ನಿಂತೇ ಇದ್ದ, ಕೊನೆಗೆ ಇವಳೇ ಕೂತಲ್ಲಿಂದ ಕೈ ಬೀಸಿದಳು, ಹೋಗೋ ಮಾರಾಯ, ಹೋಗು, ಬಾಗಿಲು ಹಾಕಿಬಿಡ್ತಾರೆ. ಸದಾ ಹೊತ್ತು ಮೀರಿ ಬರುವವನು, ಹುಟ್ಟುವಾಗಲೂ ಡಾಕ್ಟರನ್ನ ಕಾಯಿಸಿದ್ದ ಅಂತ ಅಮ್ಮ ಈಗಲೂ ಬೈಯುತ್ತಾಳೆ, ಬೈಯಲಿ, ಬೈಯುವುದಕ್ಕೆ ಇದ್ದಾನಲ್ಲ, ಅಷ್ಟು ಸಾಕು. ಶೂ, ಬೆಲ್ಟು, ನಾಣ್ಯ ತುಂಬಿದ ಪರ್ಸು. ಮೊಳೆರಾಯ ಎಂದು ಕರೆಯುತ್ತಿದ್ದರು ಅಪ್ಪ ಅವನನ್ನು, ಅಪ್ಪನದು ಸೋಫಾ, ಕುರ್ಚಿಗಳ ಕುಶನ್ ಕೆಲಸ, ಅಂಗಡಿಯ ಒಳಗೆ ರೆಕ್ಸಿನ್ನಿನ ವಾಸನೆ, ನೆಲದ ತುಂಬ ಸ್ಪಂಜಿನ ಚೂರು, ಅಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುವುದನ್ನು ನೋಡಿ ಇವನೂ ಕಚ್ಚಿಕೊಳ್ಳುತ್ತಿದ್ದ, ನುಂಗೀಯೋ ಎಂದು ಅಮ್ಮ ಓಡಿಬರುತ್ತಿದ್ದಳು. ಮತ್ತೆ ಅಪ್ಪನ ಆ ಚಾಕು, ಮಡಚುವ ಚಾಕು, ಅದರೊಳಗೇ ಕತ್ತರಿ, ದಬ್ಬಳ, ಸ್ಕ್ರೂಡ್ರೈವರು, ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಇದರಲ್ಲಿ ಎಲ್ಲಾ ಇದೆ ಕಣಮ್ಮ, ನಿಮ್ಮಮ್ಮನಿಗೆ ಉತ್ತರ ಕೊಡೋ ಸಾಮಾನು ಒಂದಿಲ್ಲ ಅನ್ನುತ್ತಿದ್ದರು. ಹಳೆ ಸೋಫಾದಿಂದ ಪಿನ್ನು ಕೀಳಲು ಹೋಗಿ ಅಲಗಿನ ತುದಿ ಮುರಿದಿತ್ತು, ಚೂಪು ಹೋಗಿ ಮೊಂಡಾಗಿತ್ತು, ಮುರಿದದ್ದು ತುದಿ ಮಾತ್ರ, ಬಾಯಿ ಹರಿತವಾಗಿಯೇ ಇತ್ತು, ಅಪ್ಪ ತೀರಿಕೊಂಡು ಚಾಕು ತಮ್ಮನ ಜೇಬಿಗೆ ಬಂದ ಮೇಲೆ ಅದು ಮನೆಯವರಿಗೆಲ್ಲ ಗೊತ್ತಾದದ್ದು ಬಚ್ಚಲಿನಲ್ಲಿ. ಬೇಡ, ಅದು ಬೇಡ, ಪರದೆ ನೋಡು. ಸೂಟ್‌ಕೇಸು, ಚಪ್ಪಲಿ, ಇಸ್ತ್ರಿಪೆಟ್ಟಿಗೆ, ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ವಿಮಾನ ಹತ್ತುವ ಜನವೂ ಇದ್ದಾರೆ, ಹೋಗಲಿ. ಬಚ್ಚಲಿನ ಬಾಗಿಲಿಗೆ ಒಳಗಿಂದ ಚಿಲಕ, ನೀರು ಸುರಿಯುವ ಸದ್ದು, ಅಮ್ಮ ಬಾಗಿಲು ಬಡಿಯುತ್ತ ಮೊಳೆರಾಯಾ ಬಾಗಿಲು ತೆಗಿಯೋ, ಪಕ್ಕದ ಮನೆಯವರು ಬಂದು ಬಾಗಿಲು ಒಡೆದಾಗ ನೀರೆಲ್ಲ ಕೆಂಪು, ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದವನನ್ನು ಯಾಕೋ ಎಂದು ಕೇಳಿದರೆ ಗೊತ್ತಿಲ್ಲ ಅಕ್ಕ, ಸುಸ್ತಾಗಿತ್ತು ಅಂದ. ಅಷ್ಟೇ. ಸುಸ್ತಾಗಿತ್ತಂತೆ. ಇವಳಿಗೂ ಸುಸ್ತಾಗುತ್ತದೆ, ಯಾರಿಗೆ ಆಗುವುದಿಲ್ಲ, ಅಂದುಕೊಂಡಿದ್ದಳು, ಆಮೇಲೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದಿತ್ತು.

ಅಂದಿನಿಂದ ಮನೆಯ ಕತ್ತಿ, ಕತ್ತರಿ, ಬ್ಲೇಡು ಎಲ್ಲ ಇವಳ ಲೆಕ್ಕ, ಹೊರಗೂ ಅದೇ ಕೆಲಸ, ಒಳಗೂ ಅದೇ ಕೆಲಸ, ತರಕಾರಿ ಹೆಚ್ಚಿದ ಮೇಲೆ ಅಮ್ಮ ಚಾಕು ತೊಳೆದು ಇವಳ ಕೈಗೇ ಕೊಡುವುದು, ತಮ್ಮ ಗಡ್ಡ ಹೆರೆಯುವಾಗ ಇವಳು ಬಚ್ಚಲ ಬಾಗಿಲಲ್ಲಿ ನಿಲ್ಲುವುದು, ಅವನು ಕನ್ನಡಿಯೊಳಗಿಂದಲೇ ನಕ್ಕು, ಏನಕ್ಕ, ಇಲ್ಲೂ ಡ್ಯೂಟೀನಾ. ಆ ನಗು ನೋಡಿ ಎಲ್ಲ ಸರಿಹೋಯಿತು ಅಂದುಕೊಂಡದ್ದು. ಕಡಲತೀರದ ಊರೊಂದರಲ್ಲಿ ದೋಣಿಗಳಿಗೆ ಸೀಟು ಹೊಲಿಯುವ ಕಾರ್ಖಾನೆ ಇದೆ, ಕರೀತಿದ್ದಾರೆ, ಹೋಗ್ಲಾ ಅಕ್ಕ ಅಂದಾಗ ಬೇಡ ಅನ್ನಲು ನಾಲಿಗೆ ಏಳಲಿಲ್ಲ, ಅಲ್ಲಿ ಒಬ್ಬನೇ ಒಂದು ಕೋಣೆಯಲ್ಲಿ, ಒಳಗಿಂದ ಚಿಲಕ ಇರುವ ಕೋಣೆಯಲ್ಲಿ, ಜಾಗ ಬದಲಾದ್ರೆ ಮನಸ್ಸೂ ಬದಲಾಗುತ್ತೆ ಬಿಡೇ ಅಂದಳು ಅಮ್ಮ, ಹೋಗು, ಆದ್ರೆ ಆ ಚಾಕು ಇಲ್ಲೇ ಇರಲಿ ಅಂದಳು ಇವಳು, ಅಪ್ಪನ ನೆನಪೆಂದು ಅದೊಂದನ್ನು ಮಾತ್ರ ಇವಳೂ ಅವನಿಂದ ಕಸಿದಿರಲಿಲ್ಲ, ಅವನು ಜೇಬಿನಿಂದ ತೆಗೆದು ಅಮ್ಮನ ಅಂಗೈಯಲ್ಲಿಟ್ಟ, ಅಮ್ಮ ಅದನ್ನು ಅಪ್ಪನ ಕನ್ನಡಕದ ಜೊತೆ ಟ್ರಂಕಿಗೆ ಹಾಕಿ ಬೀಗ ಹಾಕಿದ್ದನ್ನು ಇವಳೇ ಕಣ್ಣಾರೆ ನೋಡಿದ್ದಾಳೆ. ಮತ್ತೇನು ಭಯ. ಚಾಕು ಟ್ರಂಕಿನಲ್ಲಿದೆ. ಬ್ಯಾಗಿನಲ್ಲಿ ಇದ್ದದ್ದು ಸುಳ್ಳುಚಾಕು.

ಹೌದು, ಸುಳ್ಳುಚಾಕು, ಯಂತ್ರದ ಆಟ. ಆಗಾಗ ಯಾರದೋ ನಿಜವಾದ ಬ್ಯಾಗಿನ ಚಿತ್ರದೊಳಗೆ ಯಂತ್ರವೇ ಒಂದು ಚಾಕುವಿನದೋ ಪಿಸ್ತೂಲಿನದೋ ಚಿತ್ರ ತೂರಿಸುತ್ತದೆ, ಪರದೆಯ ಮುಂದೆ ಕೂತವರು ಎಚ್ಚರವಾಗಿದ್ದಾರೋ ತೂಕಡಿಸುತ್ತಿದ್ದಾರೋ ನೋಡಲು, ಕೆಂಪು ಗುಂಡಿ ಒತ್ತಿದರೆ ಸರಿಯಾಗಿ ಗುರುತಿಸಿದ್ದೀರಿ, ಇದು ಪರೀಕ್ಷೆಯ ಚಿತ್ರ ಎಂದು ಬರೆದು ತೋರಿಸಿ ಅದನ್ನು ಅಳಿಸುತ್ತದೆ, ಹಾಗೆ ಬರೆಯದಿದ್ದರೆ ಚಾಕು ನಿಜ, ಬ್ಯಾಗು ತೆಗೆದು ನೋಡಬೇಕು. ಇವಳ ಸಾಲು ಉದ್ದವಿತ್ತು, ಪಕ್ಕದ ಸಾಲು ಖಾಲಿ ಹೊಡೆಯುತ್ತಿತ್ತು, ತಲೆಯೆತ್ತಿದರೆ ಇವಳ ಸಾಲಿನಲ್ಲೇ ತಮ್ಮ, ಬೋರ್ಡಿಂಗ್ ಪಾಸಿನ ಬೆನ್ನಿಗೆ ಕೌಂಟರಿನಲ್ಲಿ ಒಪ್ಪಿಸಿ ಬಂದ ದೊಡ್ಡ ಬ್ಯಾಗಿನ ಚೀಟಿ ಅಂಟಿಸಿಕೊಂಡು. ಮನೆಯವರು ಬಂದರೆ ಎದ್ದು ಬೇರೆಯವರನ್ನು ಕೂರಿಸಬೇಕು ಅನ್ನುವುದು ನಿಯಮ, ಇವಳು ಏಳಲಿಲ್ಲ, ಇವನ ಬ್ಯಾಗನ್ನು ಬೇರೆ ಯಾರ ಕಣ್ಣಿಗೆ ಒಪ್ಪಿಸುವುದು, ಯಾರನ್ನು ನಂಬುವುದು. ಬ್ಯಾಗು ಒಳಗೆ ಬಂತು, ಬಟ್ಟೆ, ಬಾಚಣಿಗೆ, ಕೊಡೆ, ಅದರ ಮೇಲೆ ಅಡ್ಡಡ್ಡ ಬಿದ್ದ ಚಾಕು. ಬೆಲ್ಟು ನಿಂತಿತು, ಬೆರಳು ಗುಂಡಿ ಒತ್ತಿತು, ಒತ್ತಿ ಬರಹ ಮೂಡುವಷ್ಟರೊಳಗೆ ಇವಳು ದೇವರಲ್ಲಿ ಏನೇನು ಬೇಡಿಕೊಂಡಳೋ, ತುದಿ ನೋಡಿದಳು, ತುದಿ ಚೂಪಾಗಿತ್ತು, ಮುರಿದಿರಲಿಲ್ಲ, ಅಷ್ಟರಲ್ಲಿ ಬರಹ ಬಂತು, ಸರಿಯಾಗಿ ಗುರುತಿಸಿದ್ದೀರಿ. ಹೋದ ಜೀವ ಬಂದ ಹಾಗಾಯಿತು. ಕಣ್ಣು ಮಂಜಾಯಿತು, ನಗು ಬಂತು, ಹಾಳು ಯಂತ್ರವೇ, ನನ್ನ ತಮ್ಮನ ಬ್ಯಾಗೇ ಬೇಕಿತ್ತಾ ನಿನಗೆ, ಚಾಕು ಅಳಿಸಿಹೋಯಿತು, ಬ್ಯಾಗು ಬೋಳಾಗಿ ಕಂಡಿತು, ಬೆಲ್ಟು ಓಡಿಸಿದಳು. ಓಡಿಸುವ ಮುಂಚೆ ನೋಡಿದಳಾ. ನೋಡಿದಳು, ನೋಡದೆ ಹೇಗೆ ಬಿಡುತ್ತಾಳೆ, ಬಟ್ಟೆ, ಬಾಚಣಿಗೆ, ಕೊಡೆ — ಕೊಡೆಯ ಕಡ್ಡಿ, ಮತ್ತೆ ಆ ಕಡ್ಡಿ. ಒಂದು ಸಿಕ್ತು ಅಂತ ಕಣ್ಣು ಮುಚ್ಚಬೇಡಿ ಎಂದು ತರಬೇತಿಯ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು, ಪರೀಕ್ಷೆಯ ಚಿತ್ರ ಅಳಿಸಿದ ಮೇಲೆ ಬ್ಯಾಗನ್ನ ಹೊಸದಾಗಿ ನೋಡಬೇಕು, ಮೊದಲನೇದು ಸಿಕ್ಕ ಖುಷೀಲಿ ಎರಡನೇದು ಬಿಟ್ಟವರೇ ಜಾಸ್ತಿ. ಇವಳು ನೋಡಿದ್ದಾಳೆ. ಅವನು ಆಚೆ ತುದಿಯಲ್ಲಿ ನಿಂತಿದ್ದ, ಬ್ಯಾಗು ಎದೆಗವಚಿಕೊಂಡು, ಇವಳನ್ನೇ ನೋಡುತ್ತ.

ಏಳಕ್ಕ, ನನ್ನ ಸರದಿ, ಎಂದು ಹೆಗಲು ತಟ್ಟಿದಳು ಜೊತೆಗಾತಿ, ಪರದೆಯ ಮುಂದೆ ಯಾರನ್ನೂ ಹೆಚ್ಚು ಹೊತ್ತು ಕೂರಿಸುವುದಿಲ್ಲ, ಕಣ್ಣು ಸೋಲುತ್ತದೆ ಅಂತ, ಇವಳು ಎದ್ದು ಬ್ಯಾಗು ಬಿಚ್ಚುವ ಮೇಜಿಗೆ ಬಂದಳು, ಅಲ್ಲೊಬ್ಬ ಪೈಪು ರಿಪೇರಿಯವನು ಕಾಯುತ್ತಿದ್ದ, ಅವನ ಬ್ಯಾಗಿನ ತಳದಿಂದ ಸಿಕ್ಕಿದ್ದು ಇಕ್ಕಳದ ಹಾಗಿದ್ದ ಒಂದು ಸಾಮಾನು, ಹಿಡಿಯೊಳಗೆ ಗರಗಸ, ಅರ, ಒಂದು ಪುಟ್ಟ ಚಾಕು. ಇದು ಇಕ್ಕಳ ಅಷ್ಟೇ ಮೇಡಂ, ಚಾಕು ಸುಮ್ನೆ ಇದೆ, ಉಗುರೂ ಕತ್ತರಿಸಲ್ಲ ಅದು. ವಾಪಸ್ ಹೋಗಿ ದೊಡ್ಡ ಲಗೇಜಿಗೆ ಹಾಕಿ ಬನ್ನಿ, ಇಲ್ಲಾಂದ್ರೆ ಇಲ್ಲೇ ಬಿಟ್ಟು ಹೋಗಿ, ಎಂದಳು ಇವಳು, ದಿನಾ ಹೇಳುವ ಮಾತು, ನಿದ್ದೆಯಲ್ಲೂ ಹೇಳುತ್ತೀಯ ಎಂದು ಅಮ್ಮ ರೇಗಿಸುತ್ತಾಳೆ. ಮದುವೆಗೆ ಮುಂಚೆಯಿಂದ ಇದೆ ಮೇಡಂ ನನ್ಹತ್ರ, ಹೆಂಡತಿಗಿಂತ ಹಳೇದು, ಎಂದು ನಗಲು ನೋಡಿದ, ನಗು ಬರಲಿಲ್ಲ ಪಾಪ, ಅದನ್ನೊಮ್ಮೆ ಸವರಿ ಗಾಜಿನ ಡಬ್ಬಿಗೆ ಹಾಕಿದ, ಕತ್ತರಿ, ಉಗುರು ಕತ್ತರಿ, ಬ್ಲೇಡುಗಳ ನಡುವೆ ಅದು ಠಣ್ಣೆಂದು ಬಿತ್ತು. ತಮ್ಮನಿಗೂ ಇದನ್ನೇ ಹೇಳಿದ್ದಳು, ಎಲ್ಲ ಸರಿಯಾಗಿದ್ದ ಕಾಲದಲ್ಲಿ, ಅವನು ಮೊದಲ ಸಲ ವಿಮಾನ ಹತ್ತುವಾಗ, ಚಾಕು-ಗೀಕು ಎಲ್ಲ ದೊಡ್ಡ ಬ್ಯಾಗಿಗೆ ಹಾಕು, ಅಲ್ಲಿ ಯಾರೂ ಕೇಳಲ್ಲ, ಕೈಚೀಲದಲ್ಲಿಟ್ರೆ ನಾನೇ ಹಿಡೀತೀನಿ ನೋಡು. ಹಿಡೀತೀಯ ಬಿಡು, ನಿನ್ನ ಕಣ್ಣಿಂದ ಏನು ತಪ್ಪುತ್ತೆ ಅಂದಿದ್ದ. ಇಂದು ಬೆಳಿಗ್ಗೆಯೂ ಮನೆಯಲ್ಲಿ, ಇವಳು ಡ್ಯೂಟಿಗೆ ಹೊರಡುವಾಗ, ಹಲ್ಲುಜ್ಜುತ್ತ ಕೇಳಿದ್ದ, ಯಾವ ಸಾಲಲ್ಲಿ ಕೂರ್ತೀಯಕ್ಕ. ಯಾಕೋ. ಸುಮ್ನೆ, ಟಾಟಾ ಮಾಡ್ತೀನಿ. ಇವಳು ಹೇಳಿದ್ದಳು, ಸಾಲಿನ ನಂಬರನ್ನೂ ಹೇಳಿದ್ದಳು. ಪೈಪಿನವನು ಇನ್ನೂ ಡಬ್ಬಿಯನ್ನೇ ನೋಡುತ್ತ ನಿಂತಿದ್ದ, ಹೋಗಿ ಸಾರ್, ಫ್ಲೈಟ್ ತಪ್ಪುತ್ತೆ.

ಬಿಡುವು ಸಿಕ್ಕಾಗ ಲಾಕರಿನ ಬಾಗಿಲು ತೆಗೆದಳು, ಫೋನು ಒಳಗೆ ಗುಂಯ್‌ಗುಡುತ್ತಿತ್ತು, ಅಮ್ಮ, ಅಮ್ಮ, ಅಮ್ಮ, ಉದ್ದಕ್ಕೂ ಅಮ್ಮನದೇ ಕರೆ, ಎತ್ತಿ ಕಿವಿಗಿಟ್ಟಳು. ಅಪ್ಪನ ಕನ್ನಡಕ ಒರೆಸಿಡೋಣ ಅಂತ ಟ್ರಂಕು ತೆಗೆದೆ ಕಣೇ, ಬೀಗ ಹಾಕಿದ್ದು ಹಾಕಿದ ಹಾಗೇ ಇದೆ, ಚಾಕು ಇಲ್ಲ. ಅಮ್ಮನ ದನಿ ಒಡೆದಿತ್ತು, ನೀನು ನೋಡಿದ್ಯಲ್ಲ ಅವನ ಬ್ಯಾಗು, ನಿನ್ ಕೈ ದಾಟಿ ತಾನೇ ಹೋಗಿದ್ದು, ಇತ್ತೇನೇ ಅದ್ರಲ್ಲಿ. ಇರಲಿಲ್ಲಮ್ಮ, ದೊಡ್ಡ ಬ್ಯಾಗಲ್ಲಿ ಹಾಕಿರ್ತಾನೆ, ಕೆಲಸಕ್ಕೆ ಬೇಕಲ್ಲ ಅವನಿಗೆ, ಎನ್ನುತ್ತಿದ್ದಂತೆ ಕಣ್ಣ ಮುಂದೆ ಕೊಡೆ ಬಂತು, ಕೊಡೆಯ ಕಡ್ಡಿ, ಅದಕ್ಕೆ ಒತ್ತಿಕೊಂಡು ಇನ್ನೊಂದು. ತಮ್ಮನ ನಂಬರು ಸ್ವಿಚ್ಡ್ ಆಫ್. ಒಂದು ಗಂಟೆಯೂ ಇಲ್ಲದ ಹಾದಿ, ಈಗ ಎಲ್ಲೋ ಮೋಡದ ಮೇಲೆ, ಬ್ಯಾಗು ತೊಡೆಯ ಮೇಲೆ. ಸೂಪರ್‌ವೈಸರ್ ಮೇಡಂ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು, ಇವಳು ಹೋಗಿ, ಮೇಡಂ, ಒಂದು ಬ್ಯಾಗು ತಿರುಗಿ ನೋಡಬೇಕು ಅಂದಳು, ಕೇಳಿದರೆ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು, ಹೋಗಲಿ, ಕೆಲಸ ಹಾಳಾಗಿ ಹೋಗಲಿ. ಮೇಡಂ ಇವಳ ಮುಖ ನೋಡಿದರು, ಯಂತ್ರದ ನೆನಪಿನಿಂದ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಓಡಿಸಿದರು, ಇಸ್ತ್ರಿಪೆಟ್ಟಿಗೆ, ಹಾಲಿನ ಬಾಟಲಿ, ಯಾರದೋ ಕೊಡೆ, ಇನ್ನೂ ಹಿಂದೆ, ಇದೇ, ಇದೇ ಮೇಡಂ. ಸುಳ್ಳುಚಾಕು ಇತ್ತು, ಚೂಪು ತುದಿ. ಮೇಡಂ ಅದನ್ನು ಅಳಿಸಿದರು. ಬಟ್ಟೆ, ಬಾಚಣಿಗೆ, ಕೊಡೆ. ಕೊಡೆಯ ಕಡ್ಡಿ, ಪಕ್ಕದಲ್ಲಿ ಅದಕ್ಕಿಂತ ಗಿಡ್ಡ, ಅದಕ್ಕಿಂತ ದಪ್ಪ ಗೆರೆ, ಗಾಢ ನೀಲಿ, ಬಿಚ್ಚಿಟ್ಟ ಅಲಗು, ಮಡಚಿದ್ದರೆ ಎಲ್ಲ ಸಾಮಾನೂ ಕೂಡಿ ಬರಿಯ ಮುದ್ದೆಯಾಗಿ ಕಾಣುತ್ತಿತ್ತು, ಇದನ್ನು ಯಾರೋ ಕಾಣಲಿ ಎಂದೇ ಬಿಚ್ಚಿಟ್ಟ ಹಾಗಿತ್ತು, ತುದಿ ಮೊಂಡು, ತುದಿ ಮುರಿದದ್ದು. ಅಯ್ಯೋ ಅಪ್ಪಾ. ಯಾರ ಬ್ಯಾಗಮ್ಮ ಇದು, ಎಂದರು ಮೇಡಂ. ನನ್ನ ತಮ್ಮಂದು. ಅವನನ್ನ ಹಿಡೀರಿ ಮೇಡಂ, ಇಳಿದ ಕೂಡಲೇ ಪೊಲೀಸರಿಗೆ ಹೇಳಿ ಹಿಡಿಸಿ, ಜೈಲಿಗೆ ಹಾಕಲಿ ಪರವಾಗಿಲ್ಲ, ಒಬ್ಬನೇ ಬಿಡಬೇಡಿ ಅಂತ ಹೇಳಿ, ಅವನು ಯಾರಿಗೂ ಏನೂ ಮಾಡಲ್ಲ, ಅವನು ಅವನಿಗೇ — ಮೇಡಂ ಆಗಲೇ ಫೋನೆತ್ತಿ ಆ ಊರಿನ ನಿಲ್ದಾಣಕ್ಕೆ ಹಚ್ಚಿದ್ದರು, ಅಲ್ಲಿ ಗಂಟೆ ಬಡಿಯುತ್ತಿತ್ತು, ಎತ್ತುವವರಿರಲಿಲ್ಲ, ಗೋಡೆಯ ಬೋರ್ಡಿನಲ್ಲಿ ಅವನ ವಿಮಾನದ ಸಾಲು ಬದಲಾಯಿತು, ಇಳಿದಿದೆ. ಗಂಟೆ ಬಡಿಯುತ್ತಲೇ ಇತ್ತು. ದೊಡ್ಡ ಬ್ಯಾಗು ಇತ್ತಲ್ಲ ಅವನ ಹತ್ತಿರ, ಅದಕ್ಕೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅದು ಅವನಿಗೆ ಗೊತ್ತು, ಇವಳೇ ಹೇಳಿಕೊಟ್ಟದ್ದು, ಆದರೂ ಕೈಚೀಲದಲ್ಲಿಟ್ಟ, ಬಿಚ್ಚಿಟ್ಟ, ಯಾವ ಸಾಲು ಎಂದು ಕೇಳಿಕೊಂಡ, ಹೊತ್ತು ಮೀರಿದ್ದರೂ ಖಾಲಿ ಸಾಲು ಬಿಟ್ಟು ಇವಳ ಉದ್ದ ಸಾಲಿಗೆ ಬಂದು ನಿಂತ, ನಾನೇ ಹಿಡೀತೀನಿ ನೋಡು ಅಂದಿದ್ದಳಲ್ಲ, ಹಿಡಿಯಲಿ ಅಂತ ಬಂದ, ಹಿಡಿಯಲಿಲ್ಲ, ಬ್ಯಾಗು ತಾನಾಗಿ ಅವನ ಕೈಗೆ ಬಂತು, ಆಗಲೂ ಹೋಗಲಿಲ್ಲ, ಕೊನೆಯ ಕರೆ ಕೂಗುತ್ತಿದ್ದರೂ ಹೋಗಲಿಲ್ಲ, ಬೆಲ್ಟಿನ ಆಚೆ ತುದಿಯಲ್ಲಿ ನಿಂತ, ಬ್ಯಾಗು ಎದೆಗವಚಿಕೊಂಡು, ಇವಳನ್ನೇ ನೋಡುತ್ತ, ಕಾಯುತ್ತ, ಇವಳು ಕೈ ಬೀಸಿದಳು, ಹೋಗು ಅಂದಳು, ಅವನು ನಿಂತಿದ್ದ, ಬ್ಯಾಗು ಎದೆಗವಚಿಕೊಂಡು ನಿಂತಿದ್ದ, ಹೋಗು ಅಂದಳು, ನಿಂತಿದ್ದ —