ಎರಡು ವರ್ಷ ಚಿಕ್ಕವನು

"ವಯಸ್ಸೆಷ್ಟು?" ಎಂದು ಡಾಕ್ಟರಮ್ಮ ಕೇಳಿದಾಗ ಬೀಗ ರಿಪೇರಿಯವನು ಮೂರು ಕಂಬಳಿಗಳ ಅಡಿಯಿಂದ ಗಡಗಡ ನಡುಗುತ್ತ, "ಐವತ್ತೆಂಟು" ಎಂದ. ಮಂಚದ ಪಕ್ಕ ನಿಂತಿದ್ದ ಅವನ ಅಕ್ಕ ಕೈಚೀಲವನ್ನು ಸುಮ್ಮನೆ ಆ ಕೈಯಿಂದ ಈ ಕೈಗೆ ಬದಲಾಯಿಸಿದಳು.

ಡಾಕ್ಟರಮ್ಮನ ಕೈಯಲ್ಲೊಂದು ಹಾಳೆಯಿತ್ತು. ಮಲೇರಿಯಾ ಯಾರ ಜೀವಕ್ಕೆ ಎರವಾಗಬಹುದೆಂದು ಮೊದಲೇ ಅಳೆದುಕೊಳ್ಳುವ ಹಾಳೆ. ಕಣ್ಣು ಹಳದಿಯಾಗಿದ್ದರೆ ಒಂದು ಗುರುತು, ಮೂತ್ರ ಕಡಿಮೆಯಾಗಿದ್ದರೆ ಒಂದು, ಅರವತ್ತು ದಾಟಿದ್ದರೆ ಇನ್ನೊಂದು. ಎರಡು ಗುರುತು ಬಿದ್ದವರನ್ನು ಮೇಲಿನ ಮಹಡಿಯ ನಿಗಾ ಕೋಣೆಗೆ ಒಯ್ಯುತ್ತಾರೆ. ಅಲ್ಲಿ ಗಂಟೆಗೊಮ್ಮೆ ನೋಡುತ್ತಾರೆ. ಇವನಿಗೆ ಕಣ್ಣಿನದೊಂದೇ ಬಿತ್ತು.

"ಸದ್ಯ, ವಯಸ್ಸಾಗಿಲ್ಲ. ಇಲ್ಲೇ ಇರ್ಲಿ. ಮೇಲೆ ಒಂದೇ ಹಾಸಿಗೆ ಉಳಿದಿರೋದು" ಎಂದು ಡಾಕ್ಟರಮ್ಮ ಪೆನ್ನು ಮುಚ್ಚಿದರು.

ತಮ್ಮನಿಗೆ ಅರವತ್ತೈದು. ಅದು ಅವನಿಗೆ ಗೊತ್ತು, ಅವಳಿಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ.

ಅಕ್ಕ ಹೊಲಿಗೆಯವಳು. ಗಿರಾಕಿಯ ಸೊಂಟ ಮೂವತ್ತೆಂಟಿದ್ದರೆ ಬಾಯಲ್ಲಿ ಮೂವತ್ತಾರೆಂದು, ಬಟ್ಟೆಯನ್ನು ಮಾತ್ರ ಮೂವತ್ತೆಂಟಕ್ಕೇ ಕತ್ತರಿಸುವುದು ಅವಳ ಕಸುಬಿನ ಮರ್ಯಾದೆ. ನಲವತ್ತು ವರ್ಷದ ಹಿಂದೆ, ಮದುವೆಯ ಮಾತು ನಡೆದಾಗ, ಅದೇ ಮರ್ಯಾದೆಯನ್ನು ತನಗೂ ತೋರಿಸಿಕೊಂಡು ಇಪ್ಪತ್ತೇಳನ್ನು ಇಪ್ಪತ್ತು ಮಾಡಿದ್ದಳು. ಅಕ್ಕ ಇಳಿದ ಮೇಲೆ ತಮ್ಮ ಇಳಿಯದಿದ್ದರೆ ಆದೀತೆ? ಪಾಪ, ಹುರಿ ಮಾಡಿಕೊಂಡಿದ್ದ ಮೀಸೆಯನ್ನು ಬೋಳಿಸಿಕೊಂಡು, ಮದುವೆಯ ತುಂಬ ಹದಿನೆಂಟರ ಹುಡುಗನಾಗಿ ಓಡಾಡಿದ್ದ. ಇವತ್ತು ನೂರನಾಲ್ಕು ಜ್ವರದಲ್ಲೂ ಕೊಟ್ಟ ಮಾತು ತಪ್ಪಿರಲಿಲ್ಲ.

ಪಕ್ಕದಲ್ಲೇ ಅವಳ ಗಂಡ ಫ್ಲಾಸ್ಕ್ ಹಿಡಿದು ನಿಂತಿದ್ದ. ಹೆಂಡತಿ ತನಗಿಂತ ಐದು ವರ್ಷ ಚಿಕ್ಕವಳೆಂದು ಕಂಡಕಂಡವರಿಗೆ ಹೇಳಿಕೊಂಡು ಬಂದ ಮನುಷ್ಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ನಿಜ. ಆದರೆ ಒಡಹುಟ್ಟಿದವನು ಅಡಿಕೆಯೇ?

"ಡಾಕ್ಟರಮ್ಮ, ಅವನಿಗೆ ಅರವತ್ತೈದು" ಎಂದಳು, ಗೋಡೆ ನೋಡುತ್ತ.

"ಐವತ್ತೆಂಟು" ಎಂದಿತು ಕಂಬಳಿ.

"ಇವಳು ಗಾಬರಿಯಾಗಿದ್ದಾಳೆ" ಎಂದ ಗಂಡ. "ಇವಳಿಗೇ ಅರವತ್ತು. ಅವನು ಇವಳಿಗಿಂತ ಎರಡು ವರ್ಷ ಚಿಕ್ಕೋನು."

"ಚಿಕ್ಕೋನೇ. ನನಗೆ ಅರವತ್ತೇಳು ಕಣ್ರೀ."

ವಾರ್ಡಿನಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಗಂಡ ಬೆರಳು ಮಡಿಸಿ ಎಣಿಸಿದ, ಬಿಚ್ಚಿ ಮತ್ತೆ ಎಣಿಸಿದ.

"ಅಂದ್ರೆ ನಾನು ನಿನಗಿಂತ ಎರಡು ವರ್ಷ ಚಿಕ್ಕೋನು?"

"ಹೂಂ."

"ಮತ್ತೆ ಮಂಡಿನೋವು ನನಗ್ಯಾಕೆ ಮೊದಲು ಬಂತು?"

ಡಾಕ್ಟರಮ್ಮ ಎರಡನೆಯ ಗುರುತು ಹಾಕುವವರೆಗೂ ಅವಳು ಪೆನ್ನಿನ ಮೇಲಿನ ಕಣ್ಣು ತೆಗೆಯಲಿಲ್ಲ.

ಮೇಲೆ ಹೋದ ಮೂರನೆಯ ಗಂಟೆಗೇ ಅವನ ಮೂತ್ರ ಕಟ್ಟಿತು. ಗಂಟೆಗೊಮ್ಮೆ ನೋಡುತ್ತಿದ್ದ ನರ್ಸು ಅದನ್ನು ಕಂಡು ಡಾಕ್ಟರಮ್ಮನನ್ನು ಕರೆತರಲು ಓಡಿದಳು. ಆರನೆಯ ದಿನ ಅವನು ಎದ್ದು ಕೂತು, ಔಷಧಿ ಕಪಾಟಿನ ಬೀಗ ಸಡಿಲಾಗಿದೆಯೆಂದು ಗೊಣಗಿದ. ಅಕ್ಕ ಮುಖ ಆಚೆ ತಿರುಗಿಸಿಕೊಂಡು ಅತ್ತಳು.

ಆ ಹೊತ್ತಿಗೆ ರಕ್ತ ಪರೀಕ್ಷೆಯ ಹೆಂಗಸು ಬಂದಳು. ರೋಗಿಯ ಮನೆಯವರೆಲ್ಲರ ರಕ್ತವನ್ನೂ ನೋಡಬೇಕಂತೆ.

"ನಿಮ್ಮ ವಯಸ್ಸಮ್ಮ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ದಿಂಬಿನ ಕಡೆಯಿಂದ ದನಿ ಬಂತು. "ಅರವತ್ಮೂರು ಅಂತ ಬರ್ಕೊಳ್ಳಿ. ಇವಳು ನನ್ನ ತಂಗಿ."

ಹೆಂಗಸು ಅನುಮಾನದಿಂದ ಗಂಡನ ಮುಖ ನೋಡಿದಳು. ಅವನು ಮಂಡಿ ನೀವಿಕೊಳ್ಳುತ್ತ ಕೂತಿದ್ದ.

"ಹೌದು" ಎಂದ. "ನನಗಿಂತ ಎರಡು ವರ್ಷ ಚಿಕ್ಕೋಳು."

ಹೆಂಗಸು ಬರೆದುಕೊಂಡಳು. ಅಕ್ಕ ಸೂಜಿಗೆ ಬೆರಳು ಚಾಚಿದಳು.