ಬೋಣಿಯ ಲೋಟ

ಕೊರಟಗೆರೆಯ ಬಸ್ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಚಿಕ್ಕರಾಜುವಿನ ಮೈ ಸೋತುಹೋಗಿತ್ತು. ಶಿರಾ ಕಡೆಯ ಹಟ್ಟಿಯಿಂದ ಇನ್ನೂ ಕತ್ತಲಿರುವಾಗಲೇ ಹೊರಟದ್ದು. ಮಧುಗಿರಿಯಲ್ಲಿ ಬಸ್ಸು ಬದಲಿಸಿದ್ದು. ಕಿಟಕಿಯ ಗಾಜು ಮುಚ್ಚದೆ ದಾರಿಯುದ್ದಕ್ಕೂ ಚಳಿ ಮುಖಕ್ಕೆ ಹೊಡೆದದ್ದು. ವಯಸ್ಸಾದವನಿಗೆ ಅಷ್ಟೇ ಸಾಕಿತ್ತು. ಕಂಕುಳಲ್ಲಿ ಒಂದು ಗಂಟು ಇತ್ತು. ಅದರೊಳಗೆ ಹಸಿರು ಸೀರೆ, ಕುಪ್ಪಸದ ಕಣ, ಬಳೆ, ಅರಿಶಿನ ಕುಂಕುಮ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಸೀರೆ ಒಪ್ಪಿಸುತ್ತೇನೆಂದು ಅವನ ಹೆಂಡತಿ ಗಂಗಾಲಕ್ಷ್ಮಿ ಹರಕೆ ಹೊತ್ತಿದ್ದಳು. ಸೀರೆಯನ್ನು ತಾನೇ ಆರಿಸಿ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಹೋಗೋಣ ಹೋಗೋಣ ಎನ್ನುವಷ್ಟರಲ್ಲಿ ಭಗವಂತ ಅವಳನ್ನೇ ಕರೆಸಿಕೊಂಡ. ವರ್ಷದ ಕಾರ್ಯ ಮುಗಿಯದೆ ದೇವಸ್ಥಾನದ ಮೆಟ್ಟಿಲು ಹತ್ತುವಂತಿರಲಿಲ್ಲ. ಅದು ಮುಗಿದ ಮೇಲೆ ಬಂದ ಮೊದಲ ಶುಕ್ರವಾರ ಇದು.

ಜೊತೆಗೆ ತಿಪ್ಪೇಶ್ ಬಂದಿದ್ದ. ಗಂಗಾಲಕ್ಷ್ಮಿಯ ತಮ್ಮನ ಮಗ. ಹಟ್ಟಿಯ ಡೇರಿಯಲ್ಲಿ ದಿನವೂ ಹಾಲು ಅಳೆಯುವವನು. ಬಾಯಿ ಸ್ವಲ್ಪ ಜೋರು, ಮನಸ್ಸು ಕೆಟ್ಟದ್ದಲ್ಲ. ಗೊರವನಹಳ್ಳಿ ಬಸ್ಸು ಯಾವಾಗ ಎಂದು ವಿಚಾರಿಸಿಕೊಂಡು ಬರುತ್ತೇನೆ, ಅಷ್ಟರಲ್ಲಿ ನೀನು ಬಿಸಿಯಾಗಿ ಏನಾದರೂ ಕುಡಿ ಎಂದು ಮಾವನಿಗೆ ಹೇಳಿ ಹೋದ.

ನಿಲ್ದಾಣದ ಎದುರಿಗೇ ಒಂದು ಕಾಫಿ ಅಂಗಡಿ ಆಗತಾನೇ ಬಾಗಿಲು ತೆರೆದಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ಮುಂದೆ ನೀರು ಚಿಮುಕಿಸಿ, ಎಳೆರಂಗೋಲಿ ಬಿಟ್ಟು, ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದಳು. ಪಕ್ಕದ ಹೂವಿನವನು ಅವಳನ್ನು ಈಶ್ವರಮ್ಮ ಎಂದು ಕೂಗಿ ಒಂದು ಮೊಳ ಹೂ ಕೊಟ್ಟುಹೋದ. ಒಲೆಯ ಮೇಲೆ ಹಾಲು ಉಕ್ಕಲು ಕಾಯುತ್ತಿತ್ತು. ಆ ವಾಸನೆಗೇ ಚಿಕ್ಕರಾಜುವಿನ ಕಾಲು ತಡೆಯಿತು.

ಅವನಿಗೆ ಹಾಲು ಆಗುತ್ತಿರಲಿಲ್ಲ. ದನ ಕುರಿ ಕಾಯ್ದುಕೊಂಡು ಬಂದ ವಂಶ, ದನ ಕಾಯುವ ದೈವ ಜುಂಜಪ್ಪನ ಒಕ್ಕಲು, ಹಾಲನ್ನು ದೇವರೆಂದೇ ಮುಟ್ಟುವ ಜನ. ಅಂಥ ಹಟ್ಟಿಯಲ್ಲಿ ಹುಟ್ಟಿದವನಿಗೆ ಹಾಲೇ ವಿಷ. ಚಿಕ್ಕಂದಿನಲ್ಲಿ ಕುಡಿದಾಗಲೆಲ್ಲ ಮೈತುಂಬ ದದ್ದು ಏಳುತ್ತಿತ್ತು. ದೃಷ್ಟಿ ಎಂದರು, ದೇವರ ಮುನಿಸು ಎಂದರು, ಯಂತ್ರ ಕಟ್ಟಿದರು. ಮದುವೆಯಾದ ಮೇಲೆ ಒಮ್ಮೆ ಪಾವಗಡದ ಕಡೆ ನೆಂಟರ ಮನೆಯಲ್ಲಿ ಮಜ್ಜಿಗೆ ಕುಡಿದು ಗಂಟಲು ಊದಿಕೊಂಡು, ಉಸಿರು ಸಿಕ್ಕದೆ, ಲಾರಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯಬೇಕಾಯಿತು. ಇದು ಅಲರ್ಜಿ, ಒಂದು ತೊಟ್ಟೂ ತಾಕಬಾರದು, ಮಾತ್ರೆ ಜೇಬಿನಲ್ಲಿರಲಿ, ಆದರೆ ಮಾತ್ರೆಯನ್ನೇ ನಂಬಿ ಕೂರದೆ ಉಸಿರು ಹಿಡಿದ ತಕ್ಷಣ ಓಡಿ ಬನ್ನಿ ಎಂದು ಡಾಕ್ಟರು ಹೇಳಿದರು. ಚಿಕ್ಕರಾಜು ಗೋಡೆ ನೋಡುತ್ತ ಮಲಗಿದ್ದ. ಕೇಳಿಸಿಕೊಂಡವಳು ಗಂಗಾಲಕ್ಷ್ಮಿ. ಹಟ್ಟಿಯಲ್ಲಿ ಯಾರಿಗೂ ಹೇಳಬೇಡ ಎಂದಷ್ಟೇ ಅವನು ಅವಳಿಗೆ ಹೇಳಿದ.

ಅಂದಿನಿಂದ ಅದೆಲ್ಲ ಅವಳ ಪಾಲಿಗೆ ಬಿತ್ತು. ಯಾವ ಊರಿಗೆ ಹೋದರೂ ಅಂಗಡಿಯ ಒಲೆಯ ಹತ್ತಿರ ಅವಳೇ ನಿಲ್ಲುವಳು. ಲೋಟಕ್ಕೆ ಬಿಸಿನೀರು ಹುಯ್ಯಿಸುವಳು. ಹಾಲಿನ ಟೀ ಸೋಸಿದ ಜರಡಿ ಬೇಡ, ಆ ಚಮಚ ಬೇಡ ಎನ್ನುವಳು. ಮಧುಗಿರಿಯಲ್ಲಿ ಹೊಸದಾಗಿ ಬಂದ ಮೆಷಿನ್ ಕಾಫಿ ಅಂಗಡಿಯಲ್ಲಿ, ಪುಡಿಯೊಳಗೇ ಹಾಲಿನ ಪುಡಿ ಬೆರೆತಿದೆಯೇ ಎಂದು ಕೇಳಿ, ಹುಡುಗರಿಗೆ ತಿಳಿಯದಾಗ ಗಂಡನ ತೋಳು ಹಿಡಿದು ಹೊರಕ್ಕೆ ಕರೆತಂದಿದ್ದಳು. ಇದನ್ನೆಲ್ಲ ಹರಟೆಯ ಹಾಗೆ ಮಾಡುತ್ತಿದ್ದಳು. ಅಂಗಡಿಯವರ ಮಕ್ಕಳೆಷ್ಟು, ಊರು ಯಾವುದು ಎಂದು ವಿಚಾರಿಸುತ್ತಲೇ ಕೆಲಸ ಸಾಧಿಸುವಳು. ಹೊರಗೆ ಕುಳಿತ ಚಿಕ್ಕರಾಜುವಿಗೆ ಅವಳ ಮಾತು ಮುಗಿಯುವುದಿಲ್ಲವಲ್ಲ ಎಂದು ಬೇಸರ. ಇನ್ನೊಂದು ಬೇಸರವೂ ಇತ್ತು. ಎಲ್ಲಿ ಹೋದರೂ ಅವಳು ಮೊದಲು ತನಗೆ ಹಾಲು ಹಾಕಿದ ಕಾಫಿ ಮಾಡಿಸಿಕೊಂಡು ಕುಡಿಯುತ್ತಿದ್ದಳು. ಅದಾದ ಮೇಲೆ ಗಂಡನಿಗೆ. ಕಂಡ ನೆಂಟರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ಅವನು ಒಂದೆರಡು ಸಲ ಗದರಿಯೂ ಇದ್ದ. ನನಗೆ ತಲೆನೋವು, ತಡಿ ಎನ್ನುತ್ತಿದ್ದಳು.

ಈಗ ಒಲೆಯ ಮುಂದೆ ಅವನೇ ನಿಲ್ಲಬೇಕಾಯಿತು. ಈಶ್ವರಮ್ಮ, "ಕುಂತ್ಕಳಿ ಯಜಮಾನ್ರೇ, ಹಾಲು ಈಗ ಉಕ್ತದೆ," ಎಂದಳು. ಅವನು ಹಾಲು ಬೇಡ, ಬರೀ ಡಿಕಾಕ್ಷನ್ನಿಗೆ ಬಿಸಿನೀರು ಹಾಕಿ ಕೊಡು ಎಂದ. ಯಾಕೆ ಎಂಬಂತೆ ಅವಳು ನೋಡಿದಾಗ ನಿಜ ಹೇಳಲು ನಾಚಿಕೆಯಾಗಿ, "ವ್ರತ ಕಣಮ್ಮ," ಎಂದುಬಿಟ್ಟ. ಅವಳು ಭಕ್ತಿಯಿಂದ ತಲೆಯಾಡಿಸಿದಳು. ಗೊರವನಹಳ್ಳಿಗೆ ಹೋಗುವವರಲ್ಲಿ ಎಂತೆಂಥ ವ್ರತದವರನ್ನೋ ಕಂಡವಳು.

ಲೋಟ ಕೈಗೆ ಬಂತು. ಆ ಬಿಸಿ ಅಂಗೈಗೆ ತಾಕಿದ್ದೇ ಸುಖವಾಯಿತು. ಬೆಂಚಿನ ಮೇಲೆ ಕುಳಿತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಲೋಟವನ್ನು ತುಟಿಯವರೆಗೆ ಎತ್ತಿದ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಕಪ್ಪು ಕಾಫಿಯ ನಡುವೆ ತೆಳ್ಳಗಿನ ಮಬ್ಬೊಂದು ಹೊಗೆಯ ಹಾಗೆ ಹರಡಿಕೊಳ್ಳುತ್ತಿತ್ತು. ಲೋಟ ಇಳಿಸಿ, ಇದಕ್ಕೆ ಹಾಲು ಬಿದ್ದಿದೆಯೇ ಎಂದು ಕೇಳಿದ.

"ಒಂದೇ ತೊಟ್ಟು," ಎಂದಳು ಈಶ್ವರಮ್ಮ, ಮುಚ್ಚಿಡುವಂಥದ್ದೇನೂ ಅಲ್ಲವೆಂಬಂತೆ. "ಬೋಣಿ ಲೋಟ ಅಲ್ವಾ ಇದು. ಶುಕ್ರವಾರ ಬೇರೆ. ಬರೀ ಕರೀನೀರು ಕೊಟ್ಟು ಯಾಪಾರ ಸುರು ಮಾಡೋಕಾಯ್ತದಾ? ಮೊದಲ್ನೇ ಲೋಟಕ್ಕೆ ಹಾಲು ಬೀಳ್ಲೇಬೇಕು, ನಮ್ಮತ್ತೆ ಕಾಲದಿಂದ್ಲೂ ಇಂಗೇ. ಒಂದು ತೊಟ್ಟಿಗೆ ವ್ರತ ಕೆಡಾಕಿಲ್ಲ ಬುಡಿ."

ಅಷ್ಟರಲ್ಲಿ ತಿಪ್ಪೇಶ್ ಬಂದ. ಬಸ್ಸು ಇನ್ನೇನು ಬರುತ್ತದಂತೆ. ವಿಷಯ ತಿಳಿದು ನಕ್ಕ.

"ಯಾವ ವ್ರತ ಮಾವ, ನಂಗೊತ್ತಿಲ್ದಿರೋದು? ಜುಂಜಪ್ಪನ ಒಕ್ಕಲಾಗಿ ಹಾಲಿಗೆ ಹೆದರ್ಕಂಡು ಕುಂತಿದ್ದೀಯಲ್ಲ. ಹಟ್ಟೀಲಿ ಗೊತ್ತಾದ್ರೆ ಕರು ಕೂಡ ನಗ್ತದೆ. ಕುಡಿ, ಬಸ್ ಬತ್ತದೆ."

ಚಿಕ್ಕರಾಜು ಲೋಟವನ್ನೇ ನೋಡುತ್ತ ಕುಳಿತ. ಇನ್ನೊಬ್ಬರಿಗೆ ಬಿಡಿಸಿ ಹೇಳುವುದೇ ಒಂದು ಆಯಾಸ. ಈ ಒಂದು ವರ್ಷದಲ್ಲಿ ಊಟವೂ ಆಯಾಸ, ಉತ್ತರವೂ ಆಯಾಸ. ಒಂದು ತೊಟ್ಟು ತಾನೇ, ಕುಡಿದುಬಿಡೋಣ ಎನ್ನಿಸಿತು. ಉಸಿರು ಕಟ್ಟಿದರೆ ಕಟ್ಟಲಿ. ಅವಳು ಹೋದಲ್ಲಿಗೆ ಹೋದರಾಯಿತು. ಇಲ್ಲಿ ಕಾಯುವವರಾದರೂ ಯಾರು? ಹಾಗೆ ಯೋಚಿಸಿದ್ದಕ್ಕೆ ತಾಯಿ ಮಹಾಲಕ್ಷ್ಮಿ ಕ್ಷಮಿಸಲಿ. ಲೋಟ ಮತ್ತೆ ಮೇಲಕ್ಕೆ ಬಂತು.

ತೊಡೆಯ ಮೇಲಿನ ಗಂಟು ಜಾರಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಾಗ ಒಳಗಿನ ಬಳೆಗಳು ಸದ್ದು ಮಾಡಿದವು. ಆಗ ಈಶ್ವರಮ್ಮನ ಮಾತು ಅವನ ಮನಸ್ಸಿಗೆ ತಟ್ಟಿತು. ಮೊದಲನೇ ಲೋಟಕ್ಕೆ ಹಾಲು ಬೀಳಲೇಬೇಕು.

ಮೊದಲನೇ ಲೋಟ. ಗಂಗಾಲಕ್ಷ್ಮಿ ಎಂದೂ ಮೊದಲನೇ ಲೋಟವನ್ನು ಅವನ ಕೈಗೆ ಬರಗೊಟ್ಟಿರಲಿಲ್ಲ. ಬೋಣಿ ಆಗಿದೆಯೋ ಇಲ್ಲವೋ ಯಾರು ಬಲ್ಲರು. ಎಲ್ಲ ಅಂಗಡಿಯಲ್ಲೂ, ಎಲ್ಲ ಊರಲ್ಲೂ, ಮೊದಲ ಲೋಟ ತನಗೆ ಮಾಡಿಸಿಕೊಂಡು ಆ ಶಾಸ್ತ್ರದ ತೊಟ್ಟನ್ನು ತಾನೇ ಕುಡಿದಿದ್ದಳು. ನೆಂಟರು ನಕ್ಕರೂ ಹೇಳಲಿಲ್ಲ, ಗಂಡ ಗದರಿದರೂ ಹೇಳಲಿಲ್ಲ. ಹೇಳಿದರೆ ಅವನ ಗುಟ್ಟೂ ಹೊರಗೆ ಬರುತ್ತಿತ್ತು.

ಅವನು ಲೋಟವನ್ನು ಬೆಂಚಿನ ತುದಿಗೆ ದೂರ ಸರಿಸಿ ಇಟ್ಟ.

"ವ್ರತ ಅಲ್ಲ ಕಣಮ್ಮ. ಸುಳ್ಳು ಹೇಳ್ದೆ. ನಂಗೆ ಹಾಲು ಆಗಕಿಲ್ಲ, ಹುಟ್ದಾಗಿಂದ. ಒಂದು ತೊಟ್ಟು ಒಳಿಕ್ಕೆ ಹೋದ್ರೂ ಗಂಟ್ಲು ಕಟ್ತದೆ, ಉಸ್ರು ನಿಂತೋಯ್ತದೆ. ಇದುವರ್ಗೂ ಹೆಂಡ್ತಿ ಕೇಳಿ ಮಾಡಿಸ್ಕೊಡೋಳು. ಈಗ ಅವಳಿಲ್ಲ."

ಈಶ್ವರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. ತಿಪ್ಪೇಶನ ನಗು ಅರ್ಧಕ್ಕೇ ನಿಂತಿತು. ಅವನು ಮೆಲ್ಲಗೆ ಬೆಂಚಿನ ಮೇಲೆ ಕುಳಿತು ಕೇಳಿದ:

"ಅದಕ್ಕಾ ಮಾವ, ಗುಡೀಲಿ ಮೀಸಲು ಹಾಲು ಕೊಟ್ಟಾಗ ನೀನು ಕಣ್ಣಿಗೊತ್ಕಂಡು ಅತ್ತೆ ಕೈಗೆ ಬುಡ್ತಿದ್ದಿದ್ದು? ಗಂಡನ ಪಾಲೂ ತಾನೇ ಕುಡೀತಾಳೆ, ಹಾಲಿನ ಆಸೆಬುರುಕಿ ಅಂತ ನಾವೆಲ್ಲ ಆಡ್ಕಂತಿದ್ವಲ್ಲ."

"ಅವಳಿಗೂ ಗೊತ್ತಿತ್ತು, ನೀವು ಆಡ್ಕಳಾದು," ಎಂದ ಚಿಕ್ಕರಾಜು.

ಈಶ್ವರಮ್ಮ ತಪ್ಪಾಯಿತೆಂದು ಮತ್ತೆ ಮತ್ತೆ ಅಂದಳು. ಮೊದಲೇ ಹೇಳಿದ್ದರೆ ಒಲೆಗೆ ಆ ತೊಟ್ಟು ಹಾಕಿ ಕೈಮುಗಿಯುತ್ತಿದ್ದೆ ಎಂದಳು. ಬೇರೆ ಮಾಡಿಕೊಡುತ್ತೇನೆಂದು ಲೋಟಕ್ಕೆ ಕೈಹಾಕಿದಾಗ ಚಿಕ್ಕರಾಜು ತಡೆದ. ಅದು ಬೋಣಿಯದು, ಚೆಲ್ಲುವುದು ಬೇಡ; ಅದಕ್ಕೆ ಬೇಕಾದಷ್ಟು ಹಾಲು ಹಾಕಿ, ಸಕ್ಕರೆ ಜಾಸ್ತಿ ಮಾಡಿ ತಿಪ್ಪೇಶನಿಗೆ ಕೊಡು ಎಂದ. ಗಂಗಾಲಕ್ಷ್ಮಿ ಹಾಗೆ ಕುಡಿಯುತ್ತಿದ್ದಳು. ಆಮೇಲೆ ಎದ್ದು ಒಲೆಯ ಹತ್ತಿರ ನಿಂತ. ಕೈ ತೊಳೆದುಕೋ ಎಂದ. ಲೋಟಕ್ಕೆ ಬಿಸಿನೀರು ಹುಯ್ದು ಒದರು, ಜರಡಿ ಬೇಡ, ಡಿಕಾಕ್ಷನ್ನನ್ನು ಹಾಲಿನ ಪಾತ್ರೆಯ ಕಡೆಯಿಂದ ಈಚೆಗೆ ಹಿಡಿದು ಬಗ್ಗಿಸು ಎಂದ. ನಿನಗೆ ಮಕ್ಕಳೆಷ್ಟಮ್ಮ ಎಂದು ಕೇಳಿದ. ಇಬ್ಬರು ಎಂದಳು.

ತಿಪ್ಪೇಶ್ ಲೋಟ ಹಿಡಿದು ಮಾವನಿಗಾಗಿ ಕಾಯುತ್ತ ಕುಳಿತಿದ್ದ.

"ನೀನು ಮೊದ್ಲು ಕುಡಿಲಾ," ಎಂದ ಚಿಕ್ಕರಾಜು. "ನಿಮ್ಮತ್ತೆ ಮೊದ್ಲು ಕುಡಿಯೋಳು."

ತಿಪ್ಪೇಶ್ ತಲೆ ತಗ್ಗಿಸಿ ಕುಡಿದ. ಚಿಕ್ಕರಾಜು ತನ್ನ ಲೋಟವನ್ನು ಬಿಸಿಲಿಗೆ ಹಿಡಿದು ನೋಡಿದ. ತಳದವರೆಗೂ ಕಪ್ಪು. ಮನಸ್ಸಿನಲ್ಲೇ ತಾಯಿಗೆ ಕೈಮುಗಿದು ಒಂದು ಗುಟುಕು ಕುಡಿದ. ಬೇವಿನ ಕಷಾಯದಂತೆ ಕಹಿ. ಗಾಬರಿಯಲ್ಲಿ ಈಶ್ವರಮ್ಮ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. ಗೊರವನಹಳ್ಳಿ ಬಸ್ಸು ತಿರುವಿನಲ್ಲಿ ಕಾಣಿಸಿತು; ಹೋಗಲಿ, ಇಷ್ಟು ಸಿಕ್ಕಿತಲ್ಲ, ಹಾಗೇ ಕುಡಿದು ಹೊರಡೋಣ ಎಂದುಕೊಂಡ.

ಆದರೆ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಮತ್ತೆ ಒಲೆಯ ಹತ್ತಿರ ಹೋದ.

"ತೊಳ್ದಿರೋ ಚಮಚದಾಗೆ ಒಸಿ ಸಕ್ರೆ ಹಾಕಮ್ಮ," ಎಂದ.