ನನ್ನ ಬಲ, ಅವರ ಎಡ

ಗಾಜು ಉಜ್ಜುವ ಚಕ್ರದಿಂದ ಇಳಿಯುವ ನೀರು ಹಾಲಿನಂತೆ ಬೆಳ್ಳಗಿದೆ, ಬೆರಳ ತುದಿಯೆಲ್ಲ ತಣ್ಣಗೆ, ಸೋಮವಾರದಿಂದ ಚೌಕಟ್ಟಿಗೆ ಗಾಜು ಕೂರಿಸುವ ಮೇಜು ನನ್ನೊಬ್ಬಳದೇ ಆಗುತ್ತದೋ ಇಲ್ಲವೋ ಅಂಗಡಿ ಮಾಲೀಕರು ಇವತ್ತು ಸಂಜೆಯೊಳಗೆ ಹೇಳುತ್ತಾರೆ — ಎರಡು ವರ್ಷ ಸಂಜೆ ತರಗತಿಗೆ ಓಡಾಡಿದ್ದು ಇದಕ್ಕೇ ಅಲ್ಲವೆ, ಮದುವೆಯಾಗಿ ಮೂರು ತಿಂಗಳು, ಕೆಲಸ ಬಿಡು ಅನ್ನುತ್ತಾರೇನೋ ಎಂದು ಹೆದರಿದ್ದೆ, ಅತ್ತೆ ಅಂದದ್ದು ಇಷ್ಟೇ, ಪಾತ್ರೆ ಎಲ್ಲೂ ಓಡಿಹೋಗಲ್ಲ, ಬಸ್ಸು ಹೋಗುತ್ತೆ, ಹೊರಡೇ ನೀನು. ಎಂಥ ಮನೆ ಸಿಕ್ಕಿತು ನನಗೆ, ಆ ಖುಷಿಗೇ ಮಾವನವರಿಗೆ ನನ್ನ ಕೈಯಾರೆ ಒಂದು ಕನ್ನಡಕ ಮಾಡಿಕೊಟ್ಟೆ, ಏರಿಸಿಕೊಂಡು ಆಹಾ, ಲೋಕ ತೊಳೆದಿಟ್ಟ ಹಾಗಿದೆಯಮ್ಮಾ ಅಂದರು, ನಮ್ಮ ಸೊಸೆ ಮಾಡಿದ್ದು ಅಂತ ಬೀದಿಗೆಲ್ಲ ಸಾರಿ ಬಂದರು, ನಾನು ಹಿಗ್ಗಿದೆ, ಪೆದ್ದಿ — ಇವತ್ತು ಬೆಳಿಗ್ಗೆ ಅತ್ತೆಗೆ ಬಾಯಿ ತಡೆಯಲಿಲ್ಲ, ನಿಮ್ಮ ಮಾವ ಎಂಟು ದಿನದಿಂದ ಬಾಗಿಲು ಬಿಟ್ಟು ಗೋಡೆಗೆ ಹೋಗಿ ಗುದ್ತಿದಾರೆ ಕಣೇ, ಸುಮ್ನಿರೇ, ಗೋಡೆನೇ ಅಡ್ಡ ಬರುತ್ತೆ ಅಂದರು ಮಾವ. ಕಿತ್ತುಕೊಂಡೇ ಬಂದೆ, ಪವರ್ ನೋಡುವ ಮಷೀನಿಗೆ ಇಟ್ಟರೆ ಎಡಗಣ್ಣಿನ ಗಾಜು ಬಲಕ್ಕೆ, ಬಲದ್ದು ಎಡಕ್ಕೆ, ಕೂರಿಸುವಾಗ ಚೌಕಟ್ಟು ನನ್ನ ಕಡೆ ಮುಖ ಮಾಡಿತ್ತು, ನನ್ನ ಬಲ ಅವರ ಎಡ, ಮೊದಲ ದಿನದ ಪಾಠ ಅದು. ಈ ಎಂಟು ದಿನ ಮಾವ ಮೆಟ್ಟಿಲಿಳಿಯುವಾಗ ಒಂದು ಕಾಲು ಗಾಳಿಯಲ್ಲೇ ನಿಲ್ಲಿಸಿ ನೆಲ ಹುಡುಕುತ್ತಿದ್ದರು, ಮಂಡಿನೋವೇನೋ ಎಂದು ನಾನು ಎಣ್ಣೆ ಬಿಸಿ ಮಾಡಿಕೊಟ್ಟೆ, ಮಹರಾಯರು ತೆಪ್ಪಗೆ ಸವರಿಕೊಂಡರು, ಇಲ್ಲದ ನೋವಿಗೆ! ಬೆಳಿಗ್ಗೆ ನಾನು ಹೊರಡುವಾಗ ಪಿಸುಗುಟ್ಟಿದರು, ನಿಮ್ಮ ಮಾಲೀಕರಿಗೆ ಹೇಳ್ಬೇಡಮ್ಮ, ಸೋಮವಾರ ಕಳೀಲಿ, ನನ್ನ ಕಣ್ಣು ತಾನೇ, ಕಾಯುತ್ತೆ.

ಹೇಳದಿದ್ದರೆ ಯಾರಿಗೂ ತಿಳಿಯದು, ಮೇಜು ನನ್ನದಾಗುತ್ತದೆ — ಆದರೆ ಮಾವನವರದನ್ನು ಮಾಡಿದ ದಿನವೇ ಇನ್ನೂ ಒಂಬತ್ತು ಕನ್ನಡಕಕ್ಕೆ ಗಾಜು ಕೂರಿಸಿದೆನಲ್ಲ, ಚೌಕಟ್ಟು ಯಾವ ಕಡೆಗಿತ್ತು, ನೆನಪಾಗುತ್ತಿಲ್ಲ, ಆ ಒಂಬತ್ತು ಜನರಿಗೆ ನಾನು ಸೊಸೆಯಲ್ಲ, ಅವರೂ ಎಲ್ಲೋ ಯಾವುದೋ ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ. ಚಕ್ರ ನಿಲ್ಲಿಸುತ್ತೇನೆ, ಕೈ ಒದ್ದೆ, ಒರೆಸಿಕೊಳ್ಳದೆಯೇ ಎದ್ದಿದ್ದೇನೆ, ಸಾರ್, ನನ್ನಿಂದ ಒಂದು ತಪ್ಪಾಗಿದೆ, ಆ ದಿನ ನಾನು ಮಾಡಿದ ಕನ್ನಡಕ ಒಯ್ದವರನ್ನೆಲ್ಲ ವಾಪಸ್ ಕರೆಸಬೇಕು — ಮಾಲೀಕರು ತಲೆಯೆತ್ತುತ್ತಾರೆ, ಎಷ್ಟು ದಿನವಾಯಿತು ಅನ್ನುತ್ತಾರೆ, ಎಂಟು ದಿನ ಸಾರ್, ಎಂಟು ದಿನ, ಮಾವನವರ ಆ ಕಾಲು, ಸವೆದ ಚಪ್ಪಲಿ, ಹೆಬ್ಬೆರಳು ಮೆಟ್ಟಿಲಿಗಾಗಿ ತಡಕುತ್ತ, ತಡಕುತ್ತ